ಸೊನ್ನೆ ಎಂದು ಬರೆದಿದ್ದ ಸಾಲು: ಬಿಳಿ ರಕ್ತಕಣ ಏರಿದ್ದ ಒಂದು ಪ್ರಕರಣ

ದಕ್ಷಿಣ ಕೊಡಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನೋಡಿದ ಪ್ರಕರಣವಿದು. ರೋಗಿಯ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ರಕ್ತಪರೀಕ್ಷೆಯ ಅಂಕಿಗಳನ್ನು ಮಾತ್ರ ಮುಟ್ಟಿಲ್ಲ. ಪಾಠವಿರುವುದು ಅವುಗಳಲ್ಲೇ. ನಾನು ಎಡವಿದ ಎರಡು ಕಡೆಗಳನ್ನೂ ಮುಚ್ಚಿಡದೆ ಬರೆದಿದ್ದೇನೆ.

ಹಿನ್ನೆಲೆ

ಐವತ್ತು ದಾಟಿದ ಮಹಿಳೆ. ಮೂರು ಎಕರೆ ಕಾಫಿ, ಮನೆಯ ಕೆಳಗೆ ಒಂದಿಷ್ಟು ಗದ್ದೆ. ಆಳುಗಳು ಸಿಗುವುದು ಕಷ್ಟವಾದ ಮೇಲೆ ನಾಟಿ, ಕಳೆ, ಕೊಯ್ಲು ಎಲ್ಲದಕ್ಕೂ ಅವರೇ ಇಳಿಯುತ್ತಾರೆ. ಗದ್ದೆಗೆ ಇಳಿಯುವಾಗ ಬರಿಗಾಲು. ತೋಟಕ್ಕೆ ಹೋಗುವಾಗ ಜಿಗಣೆಗೆ ಹೆದರಿ ಗಂಬೂಟು ಹಾಕುತ್ತಾರೆ. ಮನೆಯಲ್ಲಿ ಯಜಮಾನರು ಮತ್ತು ಸೊಸೆ, ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಉಬ್ಬಸ ಬಂದು ಎಲ್ಲೋ ತೋರಿಸಿ ಗುಣವಾಗಿತ್ತಂತೆ.

ಸೆಪ್ಟೆಂಬರ್ ಮೂರನೇ ವಾರ ನನ್ನಲ್ಲಿಗೆ ಬಂದರು. ಕೆಮ್ಮು, ರಾತ್ರಿ ಎದೆಯಲ್ಲಿ ಸಿಳ್ಳೆ, ಆಯಾಸ, ಆಗಾಗ ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ನೋವು. ಜ್ವರವಿರಲಿಲ್ಲ. ಹಿಮೋಗ್ಲೋಬಿನ್ 9.4, ಪ್ಲೇಟ್‌ಲೆಟ್ 3.1 ಲಕ್ಷ, ಬಿಳಿ ರಕ್ತಕಣಗಳ ಒಟ್ಟು ಎಣಿಕೆ 18,600. ವಯಸ್ಕರಲ್ಲಿ ಇದು ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 4,000ದಿಂದ 11,000ದ ಒಳಗೆ ಇರಬೇಕು.

ಅಂದು ಹೊರಗೆ ನಲವತ್ತಕ್ಕೂ ಹೆಚ್ಚು ಜನ ಕಾಯುತ್ತಿದ್ದರು. ನಾನು ಒಟ್ಟು ಎಣಿಕೆ ನೋಡಿದೆ, ಸೋಂಕು ಎಂದುಕೊಂಡೆ. ಮಳೆಗಾಲ, ಗದ್ದೆ ಕೆಲಸ ಎರಡೂ ಸೇರಿದರೆ ಇಲ್ಲಿ ಯಾವ ವೈದ್ಯರಿಗೂ ಮೊದಲು ನೆನಪಾಗುವುದು ಇಲಿಜ್ವರ. ಅದರಲ್ಲಿ ಬಿಳಿ ಕಣ ಏರುವುದೂ ಉಂಟು. ಐದು ದಿನಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೊಟಿಕ್ ಬರೆದು ಕಳಿಸಿದೆ. ಜ್ವರವಿಲ್ಲದ, ಕಣ್ಣು ಕೆಂಪಾಗದ, ಮೈಕೈ ನೋವಿಲ್ಲದ ಇಲಿಜ್ವರ ಎಂಥದ್ದು ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ. ಇದು ನನ್ನ ಮೊದಲ ತಪ್ಪು.

ಸಮಸ್ಯೆ ದೊಡ್ಡದಾದ ದಿನ

ಒಂದು ವಾರ ಕಳೆದು ಮತ್ತೆ ಪರೀಕ್ಷಿಸಿದಾಗ ಎಣಿಕೆ 23,400. ಸೊಸೆ ವರದಿಯ ಚಿತ್ರ ತೆಗೆದು ಗಂಡನಿಗೆ ಕಳಿಸಿದ್ದಾರೆ. ಅವರು ಮೊಬೈಲಿನಲ್ಲಿ ಹುಡುಕಿದ್ದಾರೆ, ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಿನ ಜಾವ ಬಸ್ಸು ಹತ್ತಿ ನೇರ ಆಸ್ಪತ್ರೆಗೇ ಬಂದರು. ತಾಯಿಯನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ ಕೇಳಿದರು: "ಡಾಕ್ಟರೇ, ಬ್ಲಡ್ ಕ್ಯಾನ್ಸರ್ ಅಲ್ಲವೇ? ನನಗೆ ಮಾತ್ರ ಹೇಳಿ, ಅಮ್ಮನಿಗೆ ಹೇಳಬೇಡಿ. ಇವತ್ತೇ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ."

ಆ ಭಯ ಹುರುಳಿಲ್ಲದ್ದಲ್ಲ. ಐದು ದಿನವೂ ಔಷಧ ತೆಗೆದುಕೊಂಡರೂ ಎಣಿಕೆ ಏರಿದೆ, ಜೊತೆಗೆ ರಕ್ತಹೀನತೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಷ್ಟೋ ಸಲ ಸುಮ್ಮನೆ ಮಾಡಿಸಿದ ರಕ್ತಪರೀಕ್ಷೆಯಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಇಂದು ಮಾತ್ರೆಯ ಚಿಕಿತ್ಸೆಯಿದೆ, ಹಿಡಿದ ಕೂಡಲೇ ಶುರುಮಾಡಬೇಕು. ಹಾಗಾಗಿ "ಏನೂ ಇಲ್ಲ, ಸುಮ್ಮನೆ ಇರಿ" ಎಂದು ಮಗನ ಬಾಯಿ ಮುಚ್ಚಿಸುವುದು ಸರಿಯಲ್ಲ ಎನಿಸಿತು. ಎರಡು ದಿನ ಕೇಳಿಕೊಂಡೆ. ಆ ಎರಡು ದಿನದಲ್ಲಿ ಏನು ನೋಡುತ್ತೇನೆ, ಏನು ಕಂಡರೆ ಅಂದೇ ನಾನೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತೇನೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗಿಟ್ಟೆ. ರಕ್ತದಲ್ಲಿ ಬಲಿಯದ ಮೂಲಕಣಗಳು ಕಂಡರೆ, ಬೇಸೊಫಿಲ್ ಎಂಬ ಜಾತಿಯ ಬಿಳಿ ಕಣ ಹೆಚ್ಚಿದ್ದರೆ, ಪ್ಲೇಟ್‌ಲೆಟ್ ಕುಸಿದರೆ, ಗುಲ್ಮ (ಸ್ಪ್ಲೀನ್) ಕೈಗೆ ಸಿಗುವಷ್ಟು ಊದಿದ್ದರೆ, ತೂಕ ಇಳಿಯುತ್ತಾ ರಾತ್ರಿ ಬೆವರುತ್ತಿದ್ದರೆ ತಡಮಾಡುವುದಿಲ್ಲ ಎಂದು ಬರೆದಿದ್ದೆ. ಅವರು ಆ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಅಮ್ಮನ ಹೊಟ್ಟೆಯನ್ನು ಅವರ ಎದುರಿಗೇ ಮುಟ್ಟಿ ನೋಡಿದೆ. ಗುಲ್ಮ ಸಿಗಲಿಲ್ಲ.

ಸೊನ್ನೆ ಕಣ್ಣಿಗೆ ಬಿದ್ದದ್ದು

ಅಂದು ಎದೆಯ ಸಿಳ್ಳೆ ಹೆಚ್ಚಾಗಿತ್ತು. ಉಬ್ಬಸಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡೋಣವೆಂದು ಚೀಟಿಯಲ್ಲಿ ಬರೆದೂ ಆಗಿತ್ತು. ದಾದಿ ಔಷಧ ತೆಗೆಯಲು ಒಳಗೆ ಹೋದರು. ಆ ಎರಡು ನಿಮಿಷದಲ್ಲಿ ವರದಿಯನ್ನು ಮತ್ತೆ ಎತ್ತಿಕೊಂಡೆ. ಈ ಸಲ ಒಟ್ಟು ಎಣಿಕೆಯ ಕೆಳಗಿನ ಸಾಲುಗಳಿಗೆ ಇಳಿದೆ.

ಶೇಕಡ ಲೆಕ್ಕದಲ್ಲಿ ನ್ಯೂಟ್ರೊಫಿಲ್ 88, ಲಿಂಫೊಸೈಟ್ 9, ಮೊನೊಸೈಟ್ 3, ಇಯೊಸಿನೊಫಿಲ್ 0, ಬೇಸೊಫಿಲ್ 0.

ಬಿಳಿ ರಕ್ತಕಣ ಎನ್ನುವುದು ಒಂದೇ ಜಾತಿಯ ಕಣವಲ್ಲ. ಏರಿರುವುದು ಯಾವುದು ಎಂದು ಕೇಳದೆ "ಕಣ ಜಾಸ್ತಿಯಾಗಿದೆ" ಎನ್ನುವುದು, ಬೆಳೆ ಯಾವುದೆಂದು ಹೇಳದೆ ಇಷ್ಟು ಚೀಲ ಆಯಿತು ಎಂದ ಹಾಗೆ. ನ್ಯೂಟ್ರೊಫಿಲ್ ಏರಿದರೆ ಬ್ಯಾಕ್ಟೀರಿಯಾದ ಸೋಂಕು, ಗಾಯ, ಸುಟ್ಟಗಾಯ, ಉರಿಯೂತ, ತೀವ್ರ ದೈಹಿಕ ಒತ್ತಡ, ಬೀಡಿ ಸಿಗರೇಟು, ಗರ್ಭಧಾರಣೆ, ಕೆಲವು ಔಷಧಗಳು, ಇವನ್ನೆಲ್ಲ ಯೋಚಿಸಬೇಕು. ಲಿಂಫೊಸೈಟ್ ಏರಿದರೆ ವೈರಸ್, ನಾಯಿಕೆಮ್ಮು, ವಯಸ್ಸಾದವರಲ್ಲಿ ಒಂದು ಬಗೆಯ ನಿಧಾನಗತಿಯ ಲ್ಯುಕೇಮಿಯಾ. ಇಯೊಸಿನೊಫಿಲ್ ಏರಿದರೆ ಅಲರ್ಜಿ, ಹುಳುಬಾಧೆ. ಗುಲ್ಮ ತೆಗೆಸಿಕೊಂಡವರಲ್ಲಿ ಎಣಿಕೆ ಸದಾ ಸ್ವಲ್ಪ ಮೇಲೆಯೇ ಇರುತ್ತದೆ.

ನನ್ನನ್ನು ತಡೆದದ್ದು ಆ ಸೊನ್ನೆ. ವರ್ಷವಿಡೀ ಬರಿಗಾಲಿನಲ್ಲಿ ಗದ್ದೆಗೆ ಇಳಿಯುವ, ರಕ್ತಹೀನತೆಯಿರುವ, ಉಬ್ಬಸವೂ ಇರುವ ಹೆಣ್ಣುಮಗಳ ರಕ್ತದಲ್ಲಿ ಇಯೊಸಿನೊಫಿಲ್ ತುಸು ಹೆಚ್ಚೇ ಇರಬೇಕಿತ್ತು. ಇಲ್ಲಿ ಒಂದೂ ಇಲ್ಲ. ಹಳೆಯ ವರದಿ ತೆಗೆದು ನೋಡಿದೆ. ಅದರಲ್ಲೂ ಸೊನ್ನೆ. ಮೊದಲ ದಿನವೇ ನನ್ನ ಮೇಜಿನ ಮೇಲಿತ್ತು, ನಾನು ಓದಿರಲಿಲ್ಲ.

ಇಯೊಸಿನೊಫಿಲ್ ರಕ್ತದಿಂದ ಮಾಯವಾಗುವುದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ: ತೀವ್ರ ಸೋಂಕು ಅಥವಾ ಆಘಾತದಲ್ಲಿ ದೇಹವೇ ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಸಿದಾಗ, ಇಲ್ಲವೇ ಅದೇ ಜಾತಿಯ ಔಷಧವಾದ ಸ್ಟಿರಾಯ್ಡ್ ಹೊರಗಿನಿಂದ ಒಳಗೆ ಹೋದಾಗ. ತಲೆಯೆತ್ತಿ ಅವರ ಮುಖ ನೋಡಿದೆ. ಕೆನ್ನೆ ದುಂಡಗಾಗಿ ತುಂಬಿಕೊಂಡಿತ್ತು. ಮುಂಗೈ ಮೇಲೆ ಎಲ್ಲಿಯೂ ತಗುಲಿದ ನೆನಪಿಲ್ಲದ ನೀಲಿ ಕಲೆಗಳು. ಕೈಲ್‌ಪೊಳ್ದು ಹಬ್ಬಕ್ಕೆ ಬಂದ ನೆಂಟರೆಲ್ಲ "ಈ ಸಲ ಮೈ ತುಂಬಿಕೊಂಡಿದ್ದೀರಿ" ಎಂದು ಸಂತೋಷಪಟ್ಟಿದ್ದರಂತೆ.

ಚುಚ್ಚುಮದ್ದನ್ನು ನಿಲ್ಲಿಸಿದೆ. ಸಿಳ್ಳೆಗೆ ಶ್ವಾಸನಾಳ ಹಿಗ್ಗಿಸುವ ಔಷಧವನ್ನು ನೆಬುಲೈಸರ್‌ನಲ್ಲಿ ಕೊಡಿಸಿ, "ಅಮ್ಮಾ, ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದೆ.

"ಇಲ್ಲ ಡಾಕ್ಟರೇ, ನೀವು ಕೊಟ್ಟದ್ದು ಮಾತ್ರ."

ಅವರು ಸುಳ್ಳು ಹೇಳಲಿಲ್ಲ, ನನ್ನ ಪ್ರಶ್ನೆಯೇ ಸರಿಯಿರಲಿಲ್ಲ. ಡಾಕ್ಟರು ಬರೆದುಕೊಟ್ಟದ್ದು ಮಾತ್ರ ಔಷಧ, ಅಂಗಡಿಯಿಂದ ತಂದದ್ದು ಮನೆಯ ಸಾಮಾನು. "ರಾತ್ರಿ ಉಸಿರು ಹಿಡಿದಾಗ ಏನು ಮಾಡುತ್ತೀರಿ?" ಎಂದು ಬದಲಿಸಿ ಕೇಳಿದಾಗ ಮುಖ ಅರಳಿತು. "ಅದಕ್ಕೆ ಉಸಿರಿನ ಗುಳಿಗೆ ಇದೆಯಲ್ಲ, ಸಣ್ಣದು. ನುಂಗಿದರೆ ಬೆಳಗ್ಗೆ ಹೊತ್ತಿಗೆ ಆರಾಮ."

ಡಬ್ಬಿ ಮತ್ತು ಮಳೆಯ ಪುಸ್ತಕ

ಮಧ್ಯಾಹ್ನ ಸೊಸೆ ಮನೆಗೆ ಹೋಗಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. ಒಳಗೆ ಕತ್ತರಿಯಿಂದ ಎರಡೆರಡು ಗುಳಿಗೆಗೆ ತುಂಡರಿಸಿದ ಬೆಳ್ಳಿಬಣ್ಣದ ಹಾಳೆಗಳು. ಹೀಗೆ ಬಿಡಿಯಾಗಿ ಕತ್ತರಿಸಿ ಕೊಟ್ಟಾಗ ಹೆಸರು ಒಂದು ತುಂಡಿಗೆ, ದಿನಾಂಕ ಇನ್ನೊಂದಕ್ಕೆ ಹೋಗಿಬಿಡುತ್ತದೆ. ಮೇಜಿನ ಮೇಲೆ ತುಂಡುಗಳನ್ನು ಹರಡಿ, ಅಂಚಿಗೆ ಅಂಚು ಕೂಡಿಸುತ್ತಾ ಹೋದೆವು. ಒಂದರಲ್ಲಿ ಹೆಸರಿನ ಮೊದಲರ್ಧ, ಮತ್ತೊಂದರಲ್ಲಿ ಉಳಿದರ್ಧ: ಡೆಕ್ಸಾಮೆಥಾಸೋನ್, 0.5 ಮಿಲಿಗ್ರಾಂ. ಅದು ಸ್ಟಿರಾಯ್ಡ್.

ಎಷ್ಟು ದಿನದಿಂದ ಎಂಬುದು ಮುಂದಿನ ಪ್ರಶ್ನೆ. ಸ್ಟಿರಾಯ್ಡ್ ಕೆಲವೇ ದಿನದ್ದಾದರೆ ನಿಲ್ಲಿಸಬಹುದು. ವಾರಗಟ್ಟಲೆ ತೆಗೆದುಕೊಂಡಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿರುತ್ತದೆ, ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅಮ್ಮನಿಗೆ ತಾರೀಖು ನೆನಪಿರಲಿಲ್ಲ. "ದೊಡ್ಡ ಮರ ಬಿದ್ದು ಕರೆಂಟು ಹೋದ ಮಾರನೆಯ ದಿನ ತರಿಸಿದ್ದು" ಎಂದರು.

ಆಗ ಇಷ್ಟು ಹೊತ್ತು ಸುಮ್ಮನಿದ್ದ ಯಜಮಾನರು ಎದ್ದರು. ಕೊಡಗಿನ ಬೆಳೆಗಾರರ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಇದೆ. ಇಂಚು ಮತ್ತು ಸೆಂಟಿನ ಲೆಕ್ಕ, ವರ್ಷಕ್ಕೊಂದು ಪುಸ್ತಕ. ಸಂಜೆ ಅವರು ಆ ವರ್ಷದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರು. ನೀಲಿ ಶಾಯಿ, ಒಂದೇ ಅಳತೆಯ ಅಕ್ಷರ. ಬೆರಳಿನಿಂದ ಸಾಲು ಹಿಡಿದು ಹೋಗಿ ಜುಲೈ ಎರಡನೇ ವಾರದಲ್ಲಿ ನಿಂತರು. "4 ಇಂಚು 60 ಸೆಂಟ್. ಹಲಸಿನ ಮರ ತಂತಿಯ ಮೇಲೆ. ಕರೆಂಟ್ ಇಲ್ಲ."

ಅಂದರೆ ಹತ್ತು ವಾರಗಳಿಗೂ ಹೆಚ್ಚು. ಮೊದಲು ದಿನಕ್ಕೆ ಎರಡು, ಆಮೇಲೆ ಉಸಿರು ಹಿಡಿದ ದಿನಗಳಲ್ಲಿ ನಾಲ್ಕು, ಕೊನೆಯ ಎರಡು ವಾರ ಐದಾರು ಗುಳಿಗೆ. ಅವೇ ವಾರಗಳಲ್ಲಿ ನಾಟಿಯೂ ನಡೆದಿತ್ತು, ಬರಿಗಾಲಿನಲ್ಲೇ.

ಏರಿಕೆಗೆ ಕಾರಣ ಈಗ ಹೊಳೆಯತೊಡಗಿತು. ನಮ್ಮ ರಕ್ತನಾಳಗಳಲ್ಲಿರುವ ನ್ಯೂಟ್ರೊಫಿಲ್‌ಗಳಲ್ಲಿ ಸುಮಾರು ಅರ್ಧದಷ್ಟು ನಾಳದ ಗೋಡೆಗೆ ಅಂಟಿಕೊಂಡೇ ಇರುತ್ತವೆ. ಸೂಜಿಯಿಂದ ತೆಗೆದ ರಕ್ತದಲ್ಲಿ ಅವು ಬರುವುದಿಲ್ಲ. ಸಂತೆಯ ದಿನ ಅಂಗಡಿ ಜಗಲಿಗಳ ಮೇಲೆ ಕುಳಿತವರನ್ನು ಬಿಟ್ಟು ರಸ್ತೆಯಲ್ಲಿ ನಡೆಯುವವರನ್ನಷ್ಟೇ ಎಣಿಸಿದ ಹಾಗೆ. ಸ್ಟಿರಾಯ್ಡ್ ಹೋದರೆ ಜಗಲಿಯಲ್ಲಿದ್ದವರೆಲ್ಲ ರಸ್ತೆಗೆ ಇಳಿಯುತ್ತಾರೆ. ಮೂಳೆಮಜ್ಜೆಯಿಂದಲೂ ಬಲಿತ ಕಣಗಳು ಹೊರಬರುತ್ತವೆ, ಅಂಗಾಂಶಗಳಿಗೆ ಹೋಗಬೇಕಾದವು ರಕ್ತದಲ್ಲೇ ಉಳಿದುಕೊಳ್ಳುತ್ತವೆ. ಲಿಂಫೊಸೈಟ್ ಮತ್ತು ಇಯೊಸಿನೊಫಿಲ್ ಮಾತ್ರ ಕುಸಿಯುತ್ತವೆ. ಸಣ್ಣ ಪ್ರಮಾಣದ ಸ್ಟಿರಾಯ್ಡ್ ಕೂಡ ವಾರಗಟ್ಟಲೆ ಹೋದರೆ ಕೆಲವರಲ್ಲಿ ಎಣಿಕೆಯನ್ನು 20,000ದ ಆಚೆ ಒಯ್ಯಬಲ್ಲದು.

ಆದರೆ ಹೊಂದಿಕೆಯಾಯಿತು ಎಂದು ಅಲ್ಲಿಗೇ ನಿಲ್ಲಿಸುವಂತಿರಲಿಲ್ಲ. ಸ್ಟಿರಾಯ್ಡ್ ಜ್ವರವನ್ನೂ ಮುಚ್ಚಿಡುತ್ತದೆ. ಜ್ವರವಿಲ್ಲ ಎಂಬ ಸಮಾಧಾನ ಇಂಥವರಲ್ಲಿ ಸಲ್ಲದು. ಅವರನ್ನು ಒಳರೋಗಿಯಾಗಿ ಇರಿಸಿಕೊಂಡು ರಕ್ತದ ಕಲ್ಚರ್ ಮಾಡಿಸಿದೆ. ಏನೂ ಬೆಳೆಯಲಿಲ್ಲ. ರಕ್ತದ ಹನಿ ಸವರಿದ ಗಾಜನ್ನು (ರಕ್ತಲೇಪನ) ಮೈಸೂರಿನಲ್ಲಿರುವ ಪರಿಚಯದ ರೋಗನಿದಾನ ತಜ್ಞೆಗೆ ಬಸ್ಸಿನಲ್ಲಿ ಹೊರಟವರ ಕೈಯಲ್ಲಿ ಕಳಿಸಿದೆ. ಮಾರನೆಯ ಸಂಜೆ ಅವರ ಫೋನ್ ಬಂತು: ನ್ಯೂಟ್ರೊಫಿಲ್‌ಗಳೆಲ್ಲ ಬಲಿತವು, ಸೋಂಕಿನಲ್ಲಿ ಕಾಣುವ ದಪ್ಪ ಕಾಳುಗಳು ಅವುಗಳಲ್ಲಿಲ್ಲ, ಎಳೆಯ ಕಣಗಳ ನುಗ್ಗಾಟವಿಲ್ಲ, ಮೂಲಕಣಗಳಿಲ್ಲ. ಕೆಂಪು ಕಣಗಳು ಸಣ್ಣವು, ಬಿಳಚಿದವು, ಕಬ್ಬಿಣಾಂಶದ ಕೊರತೆ. ಮಗ ಕಿಸೆಯಿಂದ ಆ ಹಾಳೆ ತೆಗೆದು ಒಂದೊಂದಾಗಿ ಗೀಟು ಹಾಕಿದರು. ಕೊನೆಯ ಗೀಟು ಹಾಕಿ ಗೋಡೆಗೆ ಮುಖ ತಿರುಗಿಸಿ ಸ್ವಲ್ಪ ಹೊತ್ತು ನಿಂತರು.

ಮುಚ್ಚಿಹೋಗಿದ್ದ ಇನ್ನೊಂದು ರೋಗ

ಆ ಸಂಜೆಯೇ ಪ್ರಕರಣ ಮುಗಿಯಿತೆಂದು ಬೀಳ್ಕೊಡಬಹುದಿತ್ತು. ಬೀಳ್ಕೊಡದೇ ಇದ್ದದ್ದು ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ತೀರ್ಮಾನ. ಬರಿಗಾಲು, ಹೊಟ್ಟೆನೋವು, ಕಬ್ಬಿಣಾಂಶದ ಕೊರತೆ, ಇವು ಮೂರೂ ಹುಳುಬಾಧೆಯತ್ತ ಬೆರಳು ಮಾಡುತ್ತಿದ್ದವು. ಹುಳುವಿದ್ದರೆ ಏರಬೇಕಿದ್ದ ಇಯೊಸಿನೊಫಿಲ್ ಅನ್ನು ಡೆಕ್ಸಾಮೆಥಾಸೋನ್ ಒರೆಸಿಹಾಕಿತ್ತು.

ಮಲಪರೀಕ್ಷೆಗೆ ಮೂರು ಮಾದರಿ ಕೇಳಿದೆ, ಮೂರು ಬೇರೆ ಬೇರೆ ದಿನದ್ದು. ಮೊದಲನೆಯದರಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು. ರಕ್ತಹೀನತೆಗೆ ಉತ್ತರ ಸಿಕ್ಕಿತು. ಎರಡನೆಯದನ್ನು ನೋಡುತ್ತಿದ್ದ ಪ್ರಯೋಗಾಲಯದ ಹುಡುಗ ಓಡಿಬಂದು ಕರೆದ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಾಗ, ಗಾಜಿನ ಮೇಲಿನ ಹನಿಯಲ್ಲಿ ಎಳೆಯಷ್ಟು ತೆಳ್ಳಗಿನ ಮರಿಹುಳುವೊಂದು ತಲೆಯನ್ನು ಎಡಕ್ಕೂ ಬಲಕ್ಕೂ ಹೊಡೆಯುತ್ತಾ ಹೊರಳುತ್ತಿತ್ತು. ಮಾದರಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಇದು ಮುಖ್ಯ, ಏಕೆಂದರೆ ಹೊತ್ತು ಕಳೆದ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆಯೇ ಒಡೆದು ಮರಿ ಕಾಣಬಹುದು. ತಾಜಾ ಮಲದಲ್ಲಿ ಮರಿ ಸಿಕ್ಕರೆ ಅದು ಸ್ಟ್ರಾಂಜಿಲಾಯ್ಡಿಸ್. ಇದೂ ಕೊಕ್ಕೆಹುಳುವಿನಂತೆ ಕೆಸರಿನಿಂದ ಬರಿಗಾಲಿನ ಚರ್ಮ ಕೊರೆದು ಒಳಗೆ ಬರುತ್ತದೆ.

ಆ ಮರಿಯನ್ನು ನೋಡಿದಾಗ ನನ್ನ ಬೆನ್ನಲ್ಲಿ ಚಳಿ ಎದ್ದಿತು. ಮಿಕ್ಕ ಬಹುತೇಕ ಹುಳುಗಳಂತಲ್ಲದೆ ಇದು ಮನುಷ್ಯನ ಕರುಳಿನೊಳಗೇ ಹೊಸ ಮರಿಗಳಿಂದ ಮತ್ತೆ ಸೋಂಕು ಹಚ್ಚಿಕೊಳ್ಳುತ್ತಾ ದಶಕಗಟ್ಟಲೆ ಉಳಿಯಬಲ್ಲದು. ರೋಗನಿರೋಧಕ ಶಕ್ತಿ ಕಾವಲಿರುವವರೆಗೆ ಹದ್ದುಬಸ್ತಿನಲ್ಲಿರುತ್ತದೆ. ಸ್ಟಿರಾಯ್ಡ್ ಆ ಕಾವಲನ್ನು ತೆಗೆದರೆ ಮರಿಗಳು ಸಾವಿರಗಟ್ಟಲೆ ಹೆಚ್ಚಿ ಕರುಳಿನ ಗೋಡೆ ದಾಟುತ್ತವೆ, ಜೊತೆಗೆ ಕರುಳಿನ ಬ್ಯಾಕ್ಟೀರಿಯಾವನ್ನೂ ರಕ್ತಕ್ಕೆ, ಶ್ವಾಸಕೋಶಕ್ಕೆ, ಮಿದುಳಿನ ಪೊರೆಗೆ ಹೊತ್ತೊಯ್ಯುತ್ತವೆ. ಆ ಹಂತ ತಲುಪಿದವರಲ್ಲಿ ಬದುಕುಳಿಯದವರೇ ಹೆಚ್ಚು. ಅಂದು ಚೀಟಿಯಲ್ಲಿ ಬರೆದಿದ್ದ ಚುಚ್ಚುಮದ್ದನ್ನು ಕೊಟ್ಟು, ಜೊತೆಗೆ ಇನ್ನೊಂದು ವಾರದ ಸ್ಟಿರಾಯ್ಡ್ ಮಾತ್ರೆ ಕಳಿಸಿದ್ದರೆ ನಾನೇ ಅವರನ್ನು ಅಲ್ಲಿಗೆ ತಳ್ಳುತ್ತಿದ್ದೆ. ಉಬ್ಬಸದ ಎಷ್ಟು ಪಾಲು ಈ ಹುಳುವಿನದೇ ಆಗಿತ್ತೋ!

ಸ್ಟ್ರಾಂಜಿಲಾಯ್ಡಿಸ್‌ಗೆ ಕಿಲೋಗ್ರಾಂ ತೂಕಕ್ಕೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ ಐವರ್‌ಮೆಕ್ಟಿನ್ ಎರಡು ದಿನ, ಎರಡು ವಾರದ ಬಳಿಕ ಮತ್ತೆ ಎರಡು ದಿನ. ಕೊಕ್ಕೆಹುಳುವಿಗೆ ಆಲ್ಬೆಂಡಜೋಲ್, ಜೊತೆಗೆ ಕಬ್ಬಿಣದ ಮಾತ್ರೆ. ಡೆಕ್ಸಾಮೆಥಾಸೋನ್ ಬದಲು ಬೆಳಗ್ಗೆ ಒಂದೇ ಹೊತ್ತು ಪ್ರೆಡ್ನಿಸೋಲೋನ್ ಎಂಬ ಇನ್ನೊಂದು ಸ್ಟಿರಾಯ್ಡ್ ಕೊಟ್ಟು ಎಂಟು ವಾರದಲ್ಲಿ ಹಂತಹಂತವಾಗಿ ಇಳಿಸುವ ಲೆಕ್ಕ ಹಾಕಿದೆ. ಉಬ್ಬಸಕ್ಕೆ ಇನ್‌ಹೇಲರ್.

ಎರಡನೆಯ ಎಡವಟ್ಟು

ಬಿಡುಗಡೆಯಾಗಿ ಒಂಬತ್ತನೆಯ ದಿನ ಆಟೋದಲ್ಲಿ ಮಲಗಿಸಿಕೊಂಡು ತಂದರು. ವಾಂತಿ, ನಿಲ್ಲಲು ಆಗದಷ್ಟು ಸುಸ್ತು, ರಕ್ತದೊತ್ತಡ 88/58, ಸಕ್ಕರೆ 68. ಮೂರು ದಿನದಿಂದ ಪ್ರೆಡ್ನಿಸೋಲೋನ್ ನುಂಗಿರಲಿಲ್ಲ. ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಅಮ್ಮಾ, ಅದೂ ಸ್ಟಿರಾಯ್ಡೇ, ವಿಷ, ಬಿಟ್ಟುಬಿಡಿ" ಎಂದಿದ್ದರು.

ಅವರನ್ನು ದೂಷಿಸುವುದು ಹೇಗೆ? ಆ ಗುಳಿಗೆ ಏನೇನು ಹಾನಿ ಮಾಡಿತೆಂದು ಅವರ ಎದುರು ಅರ್ಧ ಗಂಟೆ ಹೇಳಿದವನು ನಾನು. ಅದನ್ನು ಥಟ್ಟನೆ ಬಿಡಬಾರದು ಎಂಬುದನ್ನು ಚೀಟಿಯ ಕೊನೆಯ ಸಾಲಿನಲ್ಲಿ ಬರೆದಿದ್ದೆ, ಅಷ್ಟೆ. ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಚುಚ್ಚುಮದ್ದು ಮತ್ತು ಸಲೈನ್ ಕೊಟ್ಟ ಮೇಲೆ ಸಂಜೆಯ ಹೊತ್ತಿಗೆ ಎದ್ದು ಕುಳಿತು ಗಂಜಿ ಕುಡಿದರು. ಹುಳುವಿನ ಔಷಧ ಮೊದಲೇ ಹೋಗಿದ್ದರಿಂದ ಈ ಚುಚ್ಚುಮದ್ದನ್ನು ಧೈರ್ಯವಾಗಿ ಕೊಡಲು ಸಾಧ್ಯವಾಯಿತು. ಈ ಸಲ ಯಜಮಾನರನ್ನು ಕೂರಿಸಿಕೊಂಡು, ಯಾವ ವಾರ ಎಷ್ಟು ಮಾತ್ರೆ ಎಂದು ಅವರ ಕೈಯಿಂದಲೇ ಬರೆಸಿದೆ.

ಮೂರನೇ ವಾರದ ವರದಿ ಮಗನನ್ನು ಮತ್ತೆ ಹೆದರಿಸಿತು. ಒಟ್ಟು ಎಣಿಕೆ 14,200ಕ್ಕೆ ಇಳಿದಿತ್ತು, ಆದರೆ ಸೊನ್ನೆ ಇದ್ದ ಇಯೊಸಿನೊಫಿಲ್ ಶೇಕಡ 18ಕ್ಕೆ ಏರಿತ್ತು. 14,200ರಲ್ಲಿ ಶೇಕಡ 18 ಎಂದರೆ 2,556. ಇದು 500ರ ಒಳಗಿರಬೇಕು. ಇದು ಹೊಸ ರೋಗವಲ್ಲ, ಸ್ಟಿರಾಯ್ಡ್ ಇಳಿದಂತೆ ಹುಳುಬಾಧೆಯ ಹಳೆಯ ಗುರುತು ಮೇಲೆದ್ದಿದೆ ಎಂದು ವಿವರಿಸಿದೆ. ಈ ಲೆಕ್ಕವನ್ನು ಅವರೇ ಮೊಬೈಲಿನಲ್ಲಿ ಗುಣಿಸಿ ನೋಡಿಕೊಂಡರು.

ಈ ಪ್ರಕರಣದ ಮೇಲೆ ನಮ್ಮ ಆಸ್ಪತ್ರೆಯಲ್ಲಿ ಕೆಲವು ಪದ್ಧತಿ ಬದಲಾದವು. ಒಟ್ಟು ಎಣಿಕೆ ಮೇಲಿದ್ದರೆ ವರದಿಯಲ್ಲಿ ಪ್ರತಿ ಜಾತಿಯ ಕಣದ ನಿಜ ಸಂಖ್ಯೆಯನ್ನೂ ಲೆಕ್ಕ ಹಾಕಿ ಬರೆಯುತ್ತಾರೆ, ಸೊನ್ನೆಯಿದ್ದರೆ ಅದಕ್ಕೆ ಸುತ್ತು ಹಾಕುತ್ತಾರೆ. ಎರಡನೇ ಸಲವೂ ಮೇಲಿದ್ದರೆ ರಕ್ತಲೇಪನ ನೋಡದೆ ಆ್ಯಂಟಿಬಯೊಟಿಕ್ ಬದಲಿಸುವುದಿಲ್ಲ. ದಾದಿಯರು "ಔಷಧ ಏನು?" ಎಂದು ಕೇಳುವುದನ್ನು ಬಿಟ್ಟು, "ನೋವಿಗೆ, ಉಸಿರಿಗೆ, ನಿದ್ದೆಗೆ ಮನೆಯಲ್ಲಿ ಏನು ನುಂಗುತ್ತೀರಿ? ಡಬ್ಬಿ ತನ್ನಿ" ಎನ್ನುತ್ತಾರೆ. ಗದ್ದೆ, ತೋಟದ ಕೆಲಸದವರಿಗೆ ದೀರ್ಘಕಾಲದ ಸ್ಟಿರಾಯ್ಡ್ ಬರೆಯುವ ಮೊದಲು ಮಲಪರೀಕ್ಷೆ ಮಾಡಿಸುತ್ತೇನೆ. ಒಂದು ಸಲ ಹುಳು ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ. ಈ ಅಮ್ಮನಲ್ಲೂ ಮೊದಲ ಮಾದರಿಯಲ್ಲಿ ಮರಿ ಸಿಕ್ಕಿರಲಿಲ್ಲ. ಮನೆಯವರ ಪರೀಕ್ಷೆಯನ್ನೂ ಮಾಡಿಸಿದೆವು. ಯಜಮಾನರಲ್ಲಿ ಕೊಕ್ಕೆಹುಳು ಸಿಕ್ಕಿತು, ಸೊಸೆಯಲ್ಲಿ ಏನೂ ಇರಲಿಲ್ಲ.

ಪುತ್ತರಿ ಹಬ್ಬ ಕಳೆದು, ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಕೊನೆಯ ಸಲ ಬಂದರು. ಎಣಿಕೆ 8,900, ಇಯೊಸಿನೊಫಿಲ್ ಶೇಕಡ 5, ಅಂದರೆ 445. ಹಿಮೋಗ್ಲೋಬಿನ್ 11.6. ಮಲದಲ್ಲಿ ಹುಳುವಿಲ್ಲ. ಕೆನ್ನೆಯ ದುಂಡು ಇಳಿದಿತ್ತು. ಯಜಮಾನರು ಮಳೆಯ ಪುಸ್ತಕವನ್ನು ಮತ್ತೆ ತಂದಿದ್ದರು. ಮಳೆ ನಿಂತು ಖಾಲಿ ಉಳಿದಿದ್ದ ಸಾಲುಗಳಲ್ಲಿ, ಅದೇ ನೀಲಿ ಶಾಯಿಯಲ್ಲಿ, "ಮಾತ್ರೆ ಒಂದು", "ಮಾತ್ರೆ ಅರ್ಧ" ಎಂದು ದಿನ ದಿನ ಬರೆದುಕೊಂಡು ಬಂದಿದ್ದರು. ಕೊನೆಯ ಸಾಲಿನಲ್ಲಿ "ಇಂದಿನಿಂದ ಇಲ್ಲ" ಎಂದಿತ್ತು.